ಲಿಸ್ಬನ್‌ನಲ್ಲಿ ಎರಡು ದಿನ: ಯಂತ್ರದಲ್ಲಿ ಹತ್ತಿ, ಕಾಲಿನಲ್ಲಿ ಇಳಿಯಿರಿ

ಯುರೋಪಿನ ನಗರಗಳಲ್ಲಿ ಒಂದು ವಾರಾಂತ್ಯ ಕಳೆಯುವ ಬಗ್ಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಕೇಳಿದ್ದೆ. ಪ್ಯಾರಿಸ್, ರೋಮ್, ಪ್ರಾಗ್ ಎಲ್ಲದರ ಬಗ್ಗೆಯೂ ಪತ್ರಗಳು ಬಂದಿವೆ. ನಾನು ಒಂಬತ್ತು ವರ್ಷ ಬಾಡಿಗೆ ಮನೆ ಹಿಡಿದು ಬಾಳಿದ ಊರು ಲಿಸ್ಬನ್. ನಡೆದು ತಿಳಿದ ಊರಿನ ಬಗ್ಗೆಯೇ ಮೊದಲು ಹೇಳೋಣವೆಂದು ಈ ಸಂಚಿಕೆಗೆ ಅಲ್ಲಿಗೆ ಹೊರಟವರ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇನೆ.

ಮೇಡಂ, ನಮ್ಮ ಮಗಳು ನೆದರ್ಲೆಂಡ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಮೇ ತಿಂಗಳಲ್ಲಿ ಅವಳ ಮನೆಗೆ ಹೋಗುತ್ತಿದ್ದೇವೆ. ಒಂದು ಶನಿವಾರ, ಭಾನುವಾರಕ್ಕೆಂದು ನಮ್ಮಿಬ್ಬರಿಗೂ ಲಿಸ್ಬನ್‌ಗೆ ಟಿಕೆಟ್ ಮಾಡಿಸಿದ್ದಾಳೆ. ಅದು ಏಳು ಬೆಟ್ಟಗಳ ಊರಂತೆ. ನಮ್ಮ ಯಜಮಾನರಿಗೆ ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ. ಏನು ನೋಡಬೇಕು, ಏನು ಬಿಡಬೇಕು? ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ.
– ನಿವೃತ್ತ ಶಿಕ್ಷಕಿ, ದಾವಣಗೆರೆ

ನಿಮ್ಮ ಅಳುಕು ಸಹಜ. ಲಿಸ್ಬನ್‌ನ ನಕ್ಷೆಯಲ್ಲಿ ಬೆರಳಗಲ ದೂರವಿರುವ ಎರಡು ಬೀದಿಗಳ ನಡುವೆ ನೂರು ಮೆಟ್ಟಿಲು ಇರಬಹುದು. ನಾನಿದ್ದ ಕಟ್ಟಡದ ಕೆಳಮನೆಯ ಅಜ್ಜಿ ಮೊದಲ ವಾರವೇ ನನಗೊಂದು ಮಾತು ಹೇಳಿಕೊಟ್ಟರು: ಯಂತ್ರದಲ್ಲಿ ಹತ್ತು, ಕಾಲಿನಲ್ಲಿ ಇಳಿ. ನಿಮ್ಮ ಎರಡು ದಿನಗಳನ್ನು ಈ ಮಾತಿನ ಮೇಲೆಯೇ ಕಟ್ಟಿಕೊಡುತ್ತೇನೆ.

ಶನಿವಾರ ಬೆಳಿಗ್ಗೆ ಪ್ರಾಸಾ ದ ಫಿಗೈರಾ ಚೌಕದಿಂದ 737ನೇ ನಂಬರಿನ ಬಸ್ ಹಿಡಿಯಿರಿ. ಪುಟ್ಟ ಬಸ್ಸು, ಸಾವೊ ಜಾರ್ಜ್ ಕೋಟೆಯ ಬಾಗಿಲಿಗೇ ಬಿಡುತ್ತದೆ. ಬಸ್ ತಡವಾದರೆ ಚಿಂತೆಯಿಲ್ಲ. ಪಕ್ಕದ ರುವಾ ದೊಸ್ ಫಾಂಕೈರೊಸ್ ಬೀದಿಯಲ್ಲಿ ಮನೆಗಳ ಸಾಲಿನ ನಡುವೆಯೇ ಒಂದು ಸಾರ್ವಜನಿಕ ಲಿಫ್ಟ್ ಇದೆ. ಅದರಲ್ಲಿ ಮೇಲೆ ಬಂದು ನಾಲ್ಕು ಹೆಜ್ಜೆ ನಡೆದರೆ ಕೆಳಗೆ ಸೂಪರ್ ಮಾರ್ಕೆಟ್ ಇರುವ ಕಟ್ಟಡದಲ್ಲಿ ಇನ್ನೊಂದು ಲಿಫ್ಟ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ತರಕಾರಿ ಚೀಲ ಹಿಡಿದ ಸ್ಥಳೀಯರ ಜೊತೆ ನೀವೂ ನಿಂತುಕೊಳ್ಳಿ.

ಕೋಟೆಯಿಂದ ಪೋರ್ಟಾಸ್ ದೊ ಸೋಲ್ ಎಂಬ ಕಟ್ಟೆಗೆ ಇಳಿದು ಅರ್ಧ ಗಂಟೆ ಕುಳಿತುಕೊಳ್ಳಿ. ಕೆಳಗೆ ಅಲ್ಫಾಮಾ, ಅದರಾಚೆ ತೇಜೊ ನದಿ. ಕೆಂಪು ಹೆಂಚಿನ ಮಾಡುಗಳು ಒಂದರ ಹೆಗಲ ಮೇಲೊಂದು ಇಳಿಯುತ್ತಾ ನೀರಿನವರೆಗೆ ಹೋಗುತ್ತವೆ. ಆಮೇಲೆ ಅಲ್ಫಾಮಾದ ಓಣಿಗಳಲ್ಲಿ ಇಳಿಯಲು ಶುರು ಮಾಡಿ. ದಾರಿ ತಪ್ಪಿದರೂ ಹೆದರಬೇಡಿ, ಇಳಿಯುತ್ತಾ ಹೋದರೆ ನದಿ ಸಿಕ್ಕೇ ಸಿಗುತ್ತದೆ. ಕಾಲಿಗೆ ಮಾತ್ರ ಹಿಡಿತವಿರುವ ಅಡಿಯ ಬೂಟು ಇರಲಿ. ಬಿಳಿ ಸುಣ್ಣಕಲ್ಲು, ಕಪ್ಪು ಕಲ್ಲಿನ ಚೂರುಗಳನ್ನು ಒಂದೊಂದಾಗಿ ಕೂರಿಸಿದ ಆ ಕಾಲುದಾರಿಗಳು ಸವೆದು ಸವೆದು ನುಣುಪಾಗಿವೆ. ಒಂದು ಹನಿ ಮಳೆ ಬಿದ್ದರೂ ಜಾರುತ್ತವೆ.

ಅಲ್ಲಿಗೆ ಹೋದ ಮೊದಲ ತಿಂಗಳಲ್ಲಿ ಅದೇ ಓಣಿಯಲ್ಲಿ ನಡೆಯುತ್ತಿದ್ದಾಗ, ಮೇಲಿನ ಮನೆಯಿಂದ ಒಬ್ಬ ತಾಯಿ ಮಗನಿಗೆ ಕೂಗಿ ಹೇಳಿದ ಮಾತಿನಲ್ಲಿ ‘ಜನೆಲಾ’ ಎಂಬ ಶಬ್ದ ಕಿವಿಗೆ ಬಿತ್ತು. ನಿಂತುಬಿಟ್ಟೆ. ಕಾರವಾರದಲ್ಲಿ ನಮ್ಮ ಅಜ್ಜಿ ಮಳೆ ಬಂದಾಗಲೆಲ್ಲ ‘ಜನೆಲ ಹಾಕು’ ಎನ್ನುತ್ತಿದ್ದರು. ಕಿಟಕಿ ಎಂಬ ಮಾತು ನಾನು ಕಲಿತದ್ದು ಶಾಲೆಗೆ ಹೋದ ಮೇಲೆ. ನಮ್ಮ ಚಾವಿ, ಬಾಲ್ದಿ, ಮೇಸ್ತ್ರಿ, ಪಗಾರ, ಬಟಾಟೆ ಎಲ್ಲವೂ ಆ ನದಿಯಿಂದ ಹೊರಟ ಹಡಗುಗಳಲ್ಲಿ ಬಂದ ಶಬ್ದಗಳೇ. ಮೊಬೈಲ್ ಕೈಯಲ್ಲಿ ಹಿಡಿಯದೆ ಸುಮ್ಮನೆ ಕಿವಿಗೊಟ್ಟು ನಡೆಯಿರಿ, ನಿಮಗೂ ಒಂದೆರಡು ಸಿಗುತ್ತವೆ.

ಮಧ್ಯಾಹ್ನ ಊಟ ಮುಗಿಸಿ, ಬೈಶಾ-ಶಿಯಾದೊ ಮೆಟ್ರೊ ನಿಲ್ದಾಣದ ಕೆಳಬಾಗಿಲಲ್ಲಿ ಒಳಹೊಕ್ಕು, ಉದ್ದನೆಯ ಎಸ್ಕಲೇಟರ್‌ಗಳಲ್ಲಿ ಶಿಯಾದೊ ಕಡೆಯ ಮೇಲುಬಾಗಿಲಿಗೆ ಬನ್ನಿ. ಅಲ್ಲಿಂದ ಕಾರ್ಮೊ ಮಠ ಹತ್ತಿರ. ಲಿಸ್ಬನ್‌ನಲ್ಲಿ ಒಂದೇ ಜಾಗ ನೋಡಲು ಸಮಯವಿದೆ ಎಂದವರಿಗೆ ನಾನು ಹೇಳುವುದು ಇದನ್ನೇ. 1755ರ ನವೆಂಬರ್ 1, ಕ್ರೈಸ್ತರ ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಜನ ಇಗರ್ಜಿಗಳಲ್ಲಿ ತುಂಬಿದ್ದರು. ಒಂಬತ್ತೂವರೆ ಗಂಟೆ ದಾಟುತ್ತಿದ್ದ ಹಾಗೆ ಭೂಮಿ ನಡುಗಿತು. ಹಬ್ಬಕ್ಕೆ ಹಚ್ಚಿದ್ದ ಮೇಣದ ಬತ್ತಿಗಳು ಉರುಳಿ ಬೆಂಕಿ ಹಬ್ಬಿತು. ಕಟ್ಟಡಗಳಿಂದ ತಪ್ಪಿಸಿಕೊಂಡು ನದಿಯ ದಡಕ್ಕೆ ಓಡಿದವರನ್ನು ಸಮುದ್ರದ ಅಲೆ ನುಂಗಿತು. ಕಾರ್ಮೊದ ನಡುಮನೆಯ ಚಾವಣಿ ಅಂದು ಬಿದ್ದದ್ದು ಮತ್ತೆ ಏಳಲಿಲ್ಲ. ಕಲ್ಲಿನ ಕಮಾನುಗಳಷ್ಟೇ ಪಕ್ಕೆಲುಬುಗಳ ಹಾಗೆ ನಿಂತಿವೆ, ನಡುವೆ ಆಕಾಶ. ನಾನು ಮಳೆಯಲ್ಲಿಯೂ ಅಲ್ಲಿ ನಿಂತಿದ್ದೇನೆ. ನೆಲದ ಹುಲ್ಲಿನ ಮೇಲೆ ಹನಿ ಬೀಳುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಭಾನುವಾರ ಅದು ಮುಚ್ಚಿರುತ್ತದೆ, ಆದ್ದರಿಂದ ಶನಿವಾರವೇ ನೋಡಿ.

ಅಲ್ಲಿಂದ ರೊಸಿಯೊ ಚೌಕಕ್ಕೆ ಇಳಿದರೆ ಸಾವೊ ದೊಮಿಂಗೊಸ್ ಇಗರ್ಜಿ. ಭೂಕಂಪದಲ್ಲಿ ಜಖಂ ಆಗಿ ಮತ್ತೆ ಎದ್ದ ಇದು 1959ರಲ್ಲಿ ಬೆಂಕಿಗೆ ಆಹುತಿಯಾಯಿತು. 1994ರಲ್ಲಿ ಬಾಗಿಲು ತೆರೆದಾಗ ಮಾಡು ಹೊಸದು, ಕಂಬಗಳು ಮಾತ್ರ ಬೆಂಕಿ ತಿಂದವೇ. ಹತ್ತಿರ ಹೋಗಿ ನೋಡಿ. ಕಲ್ಲು ಸಿಡಿದು ಚಕ್ಕೆ ಎದ್ದ ಕಡೆ ಒಳಗಿನ ಬಣ್ಣ ಬೇರೆ, ಹೊಗೆ ಹಿಡಿದ ಕಡೆ ಬೇರೆ. ಆ ಗಾಯಗಳಿಗೆ ಗಾರೆ ಮೆತ್ತದೆ ಹಾಗೆಯೇ ಬಿಟ್ಟವರ ಮೇಲೆ ನನಗೆ ದೊಡ್ಡ ಗೌರವ.

ಈ ಎರಡು ಕಟ್ಟಡ ನೋಡಿದ ಮೇಲೆ ನಡುವಿನ ಬೈಶಾ ಬಡಾವಣೆಯ ನೆಟ್ಟಗಿನ ಬೀದಿಗಳು ಬೇರೆಯಾಗಿಯೇ ಕಾಣುತ್ತವೆ. ಭೂಕಂಪದ ನಂತರ ಮಂತ್ರಿ ಪೊಂಬಾಲ್‌ನ ಕಾಲದಲ್ಲಿ ಅದನ್ನು ಹೊಸದಾಗಿ ಅಳೆದು ಕಟ್ಟಿದರು. ಪ್ರತಿ ಮನೆಯ ಗೋಡೆಯೊಳಗೂ ಮರದ ತೊಲೆಗಳನ್ನು ಅಡ್ಡ, ಉದ್ದ, ಓರೆಯಾಗಿ ಹೆಣೆದ ಪಂಜರವಿದೆ. ನೆಲ ಅಲುಗಿದರೆ ಪಂಜರ ಬಾಗಿ ಉಳಿಯಬೇಕು ಎಂಬ ಲೆಕ್ಕ.

ಭಾನುವಾರ ಮಧ್ಯಾಹ್ನ 15ನೇ ಟ್ರಾಮ್ ಅಥವಾ ಕೈಸ್ ದೊ ಸೊದ್ರೆಯಿಂದ ರೈಲು ಹಿಡಿದು ಬೆಲೆಂಗೆ ಹೋಗಿ. ಅದು ಸಮತಟ್ಟು ಜಾಗ, ನಿಮ್ಮ ಯಜಮಾನರಿಗೆ ಆರಾಮ. ಜೆರೋನಿಮೊಸ್ ಮಠದ ಇಗರ್ಜಿಯಲ್ಲಿ ಭಾನುವಾರ ಬೆಳಿಗ್ಗೆ ಪೂಜೆ ಇರುತ್ತದೆ, ಅದಕ್ಕೇ ಮಧ್ಯಾಹ್ನದ ಮೇಲೆ ಎಂದೆ. ಸಂಜೆ ಕೈಸ್ ದೊ ಸೊದ್ರೆಗೆ ವಾಪಸಾಗಿ ಎದುರು ದಡದ ಕಾಸಿಲ್ಯಾಸ್‌ಗೆ ದೋಣಿ ಹತ್ತಿ. ಹತ್ತು ನಿಮಿಷದ ಪ್ರಯಾಣ. ಮೆಟ್ರೊ ಕಾರ್ಡಿಗೆ ಹಣ ತುಂಬಿಸಿಕೊಂಡಿದ್ದರೆ ಅದೇ ನಡೆಯುತ್ತದೆ. ಬೆಟ್ಟದ ಮೇಲಿನ ಊರಿಗೆ ಇಳಿಬಿಸಿಲು ಬೀಳುವುದು ಆ ದಡದಿಂದ ಕಾಣುವಷ್ಟು ಚೆನ್ನಾಗಿ ಬೇರೆಲ್ಲಿಂದಲೂ ಕಾಣುವುದಿಲ್ಲ.

ಬಿಡಬೇಕಾದದ್ದು: ಸಾಂಟಾ ಜುಸ್ತಾ ಲಿಫ್ಟ್‌ನ ಸರತಿ ಸಾಲು, ಸಿಂಟ್ರಾ ಪ್ರವಾಸ (ಅದಕ್ಕೇ ಒಂದು ದಿನ ಬೇಕು), ಹಗಲು ಹೊತ್ತಿನ 28ನೇ ಟ್ರಾಮ್. ಆ ಹಳದಿ ಟ್ರಾಮ್ ಹತ್ತಲೇಬೇಕೆಂದರೆ ಬೆಳಿಗ್ಗೆ ಬೇಗ, ಮೊದಲ ನಿಲ್ದಾಣದಲ್ಲಿಯೇ ಹತ್ತಿ ಕುಳಿತುಕೊಳ್ಳಿ. ನಿಂತವರ ಗುಂಪಿನಲ್ಲಿ ಜೇಬುಗಳ್ಳರಿರುತ್ತಾರೆ, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಮೇ 1ರಂದು ಸ್ಮಾರಕಗಳಿಗೆ ರಜೆ ಎಂಬುದೂ ನೆನಪಿರಲಿ.

ಊಟದ ವಿಷಯ. ‘ಸೇಂ ಕಾರ್ನ್, ಸೇಂ ಪೈಶ್, ಸೇಂ ಓವು’ ಎಂದರೆ ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಾಲ್ದೊ ವೆರ್ದ್ ಎಂಬ ಆಲೂಗಡ್ಡೆ ಮತ್ತು ಸೊಪ್ಪಿನ ಸಾರು ನೋಡಲು ಶುದ್ಧ ಸಸ್ಯಾಹಾರ, ಆದರೆ ತಳದಲ್ಲಿ ಹಂದಿಮಾಂಸದ ಬಿಲ್ಲೆ ಇರುತ್ತದೆ. ತರಕಾರಿ ಸಾರು, ಬ್ರೆಡ್ಡು, ಆಲಿವ್, ಚೀಸ್ ಎಲ್ಲೆಡೆ ಸಿಗುತ್ತವೆ. ಕೇಳದೆಯೇ ಮೇಜಿಗೆ ತಂದಿಡುವ ಬ್ರೆಡ್ಡು, ಆಲಿವ್‌ಗಳನ್ನು ತಿಂದರೆ ಬಿಲ್ಲಿಗೆ ಸೇರುತ್ತದೆ, ಬೇಡವಾದರೆ ಮುಟ್ಟದೆ ವಾಪಸ್ ಕಳುಹಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಬೆಲೆಂನಲ್ಲಿ 1837ರಿಂದ ಮಾಡುತ್ತಿರುವ ಪ್ರಸಿದ್ಧ ಸಿಹಿತಿನಿಸಿನ ಹೂರಣ ಮೊಟ್ಟೆಯ ಹಳದಿಯದು, ನಿಮಗೆ ಆಗದು. ನಮ್ಮ ಕಡೆಯ ಊಟವೇ ಬೇಕೆನಿಸಿದರೆ ಲುಮಿಯಾರ್‌ನಲ್ಲಿ ರಾಧಾಕೃಷ್ಣ ದೇವಸ್ಥಾನವಿದೆ, ಜೊತೆಗೆ ಸಸ್ಯಾಹಾರಿ ಭೋಜನಶಾಲೆ. ಮೊಜಾಂಬಿಕ್‌ನಿಂದ ಬಂದು ನೆಲೆಸಿದ ಗುಜರಾತಿಗಳು ಕಟ್ಟಿಕೊಂಡದ್ದು.

ವಾಸ್ಕೋ ಡ ಗಾಮನ ಸಮಾಧಿ ನೋಡಲು ಹೋಗಬೇಕೇ? ನಮ್ಮ ಕರಾವಳಿಯಲ್ಲಿ ಪೋರ್ಚುಗೀಸರು ಮಾಡಿದ್ದನ್ನು ಓದಿದ ಮೇಲೆ ಅವನ ಮುಂದೆ ನಿಲ್ಲಲು ಮನಸ್ಸು ಒಪ್ಪುತ್ತಿಲ್ಲ.
– ಕಾಲೇಜು ವಿದ್ಯಾರ್ಥಿ, ಅಂಕೋಲಾ

ಹೋಗಿ. ಕೈ ಮುಗಿಯಬೇಕಿಲ್ಲ. ಜೆರೋನಿಮೊಸ್ ಇಗರ್ಜಿಯ ಬಾಗಿಲು ದಾಟಿದ ಕೂಡಲೇ ಎಡಕ್ಕೆ ಅವನ ಸಮಾಧಿ, ಬಲಕ್ಕೆ ಕವಿ ಕಮೋಯಿಂಶ್‌ನದು. ಕಲ್ಲಿನ ಗಾಮ ಕೈ ಜೋಡಿಸಿ ಮಲಗಿದ್ದಾನೆ, ಪಕ್ಕದಲ್ಲಿ ಕೆತ್ತಿದ ಹಡಗು. ಅವನು 1524ರಲ್ಲಿ ಸತ್ತದ್ದು ಕೊಚ್ಚಿಯಲ್ಲಿ. ಅಲ್ಲಿ ಹೂತಿದ್ದ ಮೂಳೆಗಳನ್ನು 1539ರಲ್ಲಿ ಪೋರ್ಚುಗಲ್‌ಗೆ ಒಯ್ದರು.

ನಾನು ಮೊದಲ ಸಲ ಅಲ್ಲಿ ನಿಂತಾಗ ನೆನಪಾದದ್ದು ಅಂಜದೀವ. 1498ರಲ್ಲಿ ಕಲ್ಲಿಕೋಟೆಯಿಂದ ಮರಳುವ ದಾರಿಯಲ್ಲಿ ಗಾಮ ಹಡಗು ನಿಲ್ಲಿಸಿ ದುರಸ್ತಿ ಮಾಡಿಸಿಕೊಂಡದ್ದು ನಮ್ಮ ಕಾರವಾರದ ಎದುರಿನ ಆ ದ್ವೀಪದಲ್ಲಿ. 1502ರ ಎರಡನೇ ಯಾತ್ರೆಯಲ್ಲಿ ಇದೇ ಮನುಷ್ಯ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗಿಗೆ ಹೆಂಗಸರು, ಮಕ್ಕಳೆಂದು ನೋಡದೆ ಬೆಂಕಿ ಇಡಿಸಿದ. ಎರಡೂ ನೆನಪಿನಲ್ಲಿರಲಿ. ನಮ್ಮ ದಡದವರು ಅಲ್ಲಿ ನಿಂತು ನೋಡುವುದಕ್ಕೂ ಬೇರೆ ಪ್ರವಾಸಿಗರು ನೋಡುವುದಕ್ಕೂ ವ್ಯತ್ಯಾಸವಿದೆ, ಇರಲೇಬೇಕು.

ಅಲ್ಲಿಗೇ ತಿರುಗಿ ಬರಬೇಡಿ, ಇಗರ್ಜಿಯ ಕೊನೆಯವರೆಗೆ ನಡೆಯಿರಿ. ಬಲಿಪೀಠದ ಎರಡೂ ಬದಿಗೆ ರಾಜ ಮಾನುಯೆಲ್ ಮತ್ತು ಅವನ ಮಗನ ಕುಟುಂಬದ ಗೋರಿಗಳಿವೆ. ಅವುಗಳನ್ನು ಹೊತ್ತು ನಿಂತಿರುವುದು ಅಮೃತಶಿಲೆಯ ಆನೆಗಳು. ಹಳೇಬೀಡಿನ, ಹಂಪಿಯ ಆನೆಗಳನ್ನು ನೋಡಿ ಬೆಳೆದ ಕಣ್ಣಿಗೆ ಆ ಅರೆಬೆಳಕಿನಲ್ಲಿ ಅವು ಕಂಡರೆ ಎದೆಯಲ್ಲಿ ಏನೋ ಅಲುಗುತ್ತದೆ. ಬೆಲೆಂ ಗೋಪುರದ ಒಂದು ಮೂಲೆಯ ಬುರುಜಿನ ಬುಡದಲ್ಲಿ ಘೇಂಡಾಮೃಗದ ತಲೆಯೂ ಇದೆ. ಗುಜರಾತಿನ ಸುಲ್ತಾನ ಕೊಟ್ಟ ಘೇಂಡಾಮೃಗವೊಂದು 1515ರಲ್ಲಿ ಹಡಗಿನಲ್ಲಿ ಲಿಸ್ಬನ್‌ಗೆ ಬಂದು ಇಳಿದಿತ್ತು.

ಇನ್ನೊಂದು ಜಾಗ: ಅಲ್ಫಾಮಾದ ಬುಡದಲ್ಲಿ, ಗೋಡೆಯ ತುಂಬ ವಜ್ರದಂತೆ ಚೂಪಾದ ಕಲ್ಲುಗಳಿರುವ ಕಾಸಾ ದೊಸ್ ಬಿಕೊಸ್. 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಸಿದ ಅಲ್ಬುಕರ್ಕ್‌ನ ಮಗ ಕಟ್ಟಿಸಿದ ಮನೆ. ಈಗ ಅದರಲ್ಲಿ ನೊಬೆಲ್ ಪಡೆದ ಲೇಖಕ ಸರಮಾಗೊ ಹೆಸರಿನ ಪ್ರತಿಷ್ಠಾನವಿದೆ. ಮನೆಯ ಎದುರಿನ ಆಲಿವ್ ಮರದ ಬುಡದಲ್ಲಿ ಅವರ ಚಿತಾಭಸ್ಮವಿದೆ. ಮರ ಬಂದದ್ದು ಅವರು ಹುಟ್ಟಿದ ಹಳ್ಳಿಯಿಂದ. ನಾನು ಬಹಳ ಸಂಜೆಗಳನ್ನು ಅಲ್ಲಿ ಕಳೆದಿದ್ದೇನೆ.

ಒಂದೇ ರಾತ್ರಿ ಇರುತ್ತೇನೆ. ಫಾದೊ ಸಂಗೀತ ಕೇಳಲು ದುಡ್ಡು ಖರ್ಚು ಮಾಡಬಹುದೇ? ಭಾಷೆ ಬರುವುದಿಲ್ಲ.
– ಸಾಫ್ಟ್‌ವೇರ್ ಎಂಜಿನಿಯರ್, ಮ್ಯೂನಿಕ್

ಖಂಡಿತ ಮಾಡಿ. ಆದರೆ ನೂರು ಜನರಿಗೆ ಊಟ ಬಡಿಸುವ ದೊಡ್ಡ ಸಭಾಂಗಣ ಬೇಡ, ಅಲ್ಫಾಮಾ ಅಥವಾ ಮೊರಾರಿಯಾದಲ್ಲಿ ಹತ್ತು ಹನ್ನೆರಡು ಮೇಜುಗಳ ಪುಟ್ಟ ಜಾಗ ಹುಡುಕಿ. ದೀಪ ಸಣ್ಣದಾಗುತ್ತದೆ. ಮೌನ, ಈಗ ಫಾದೊ ಹಾಡುತ್ತಾರೆ ಎಂದು ಯಾರೋ ಹೇಳುತ್ತಾರೆ. ಆ ಕ್ಷಣದಿಂದ ಚಮಚ ಕೆಳಗಿಡಿ, ಬಡಿಸುವವರೂ ನಿಂತಲ್ಲೇ ನಿಲ್ಲುತ್ತಾರೆ. ಒಂದು ಸಾಮಾನ್ಯ ಗಿಟಾರ್, ಇನ್ನೊಂದು ಹನ್ನೆರಡು ತಂತಿಗಳ ದುಂಡು ಹೊಟ್ಟೆಯ ಪೋರ್ಚುಗೀಸ್ ಗಿಟಾರ್. ಮೈಕ್ ಇರುವುದಿಲ್ಲ. ಹಾಡುವ ಹೆಂಗಸು ಶಾಲಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಗಲ್ಲ ಮೇಲೆತ್ತುತ್ತಾರೆ. ಎರಡು ಮಾರು ದೂರದಲ್ಲಿ ಕುಳಿತ ನಿಮಗೆ ಅವರು ಉಸಿರೆಳೆದುಕೊಳ್ಳುವುದು ಕೇಳುತ್ತದೆ. ಭಾಷೆಯ ಚಿಂತೆ ಅಲ್ಲಿಗೆ ಮುಗಿಯಿತು. 2011ರಲ್ಲಿ ಯುನೆಸ್ಕೊ ಫಾದೊವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನೆದರ್ಲೆಂಡ್ಸ್ ಕೊಟ್ಟ ಷೆಂಗನ್ ವೀಸಾದಲ್ಲಿ ಪೋರ್ಚುಗಲ್‌ಗೆ ಹೋಗಬಹುದೇ?
– ಗೃಹಿಣಿ, ಮೈಸೂರು

ಹೋಗಬಹುದು, ಬೇರೆ ವೀಸಾ ಬೇಡ. ಹೆಚ್ಚು ದಿನ ಉಳಿಯುವ ದೇಶ ನೆದರ್ಲೆಂಡ್ಸ್ ಆಗಿರಬೇಕು, ಅಷ್ಟೆ. ದೇಶದೊಳಗಿನ ವಿಮಾನದ ಹಾಗೆ ಅನಿಸಿದರೂ ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಜೂನ್ ಎರಡನೇ ವಾರ ಹೋಗುತ್ತಿದ್ದೇವೆ. ಅಲ್ಲಿಂದ ನೆನಪಿಗೆ ಏನು ತರಬಹುದು? ಹಳೆಯ ನೀಲಿ ಟೈಲ್ಸ್ ಸಂತೆಯಲ್ಲಿ ಸಿಗುತ್ತವಂತೆ.
– ಓದುಗರು, ಶಿವಮೊಗ್ಗ

ಸಾಂಟಾ ಕ್ಲಾರಾ ಬಯಲಿನಲ್ಲಿ ಮಂಗಳವಾರ, ಶನಿವಾರ ಸೇರುವ ಫೈರಾ ದ ಲಾದ್ರಾ ಸಂತೆಯಲ್ಲಿ ಸಿಗುತ್ತವೆ. ಸಂತೆಗೆ ಹೋಗಿ. ಹಳೆಯ ಬೀಗ, ಹಿತ್ತಾಳೆ ಗಂಟೆ, ಅಂಚೆ ಕಾರ್ಡು ಏನು ಬೇಕಾದರೂ ಕೊಳ್ಳಿ. ಹಳೆಯ ಟೈಲ್ಸ್ ಮಾತ್ರ ಕೊಳ್ಳಬೇಡಿ ಎಂದು ಬೇಡಿಕೊಳ್ಳುತ್ತೇನೆ. ಪಾಳುಬಿದ್ದ ಮನೆಗಳ ಗೋಡೆಯಿಂದ ರಾತ್ರೋರಾತ್ರಿ ಕಿತ್ತು ತಂದವೂ ಅದರಲ್ಲಿ ಸೇರಿರುತ್ತವೆ. ನಮ್ಮ ಬೀದಿಯ ತುದಿಯ ಮನೆಯ ಮುಂಗೋಡೆಯಿಂದ ಒಂದೇ ಚಳಿಗಾಲದಲ್ಲಿ ಕೈಗೆಟಕುವ ಎತ್ತರದ ತನಕ ಎಲ್ಲ ಮಾಯವಾದವು, ಗಾರೆಯ ಮೇಲೆ ಚೌಕದ ಗುರುತುಗಳು ಉಳಿದವು. ಈಗಿನ ಕುಶಲಕರ್ಮಿಗಳು ಕೈಯಲ್ಲಿ ಬರೆದ ಹೊಸ ಟೈಲ್ಸ್ ಅಂಗಡಿಗಳಲ್ಲಿವೆ, ಅವನ್ನು ತನ್ನಿ. ಸಂತೆಯ ಪಕ್ಕದ ಬಿಳಿ ಗುಮ್ಮಟದ ಕಟ್ಟಡದಲ್ಲಿ ಫಾದೊ ಗಾಯಕಿ ಅಮಾಲಿಯಾ ರೊದ್ರಿಗೆಸ್ ಅವರ ಸಮಾಧಿ ಇದೆ, ಒಳಗೆ ಹೋಗಿ ಬನ್ನಿ.

ನೀವು ಹೋಗುವ ವಾರವೇ ಸಂತ ಆಂಟೋನಿಯ ಹಬ್ಬ. ಜೂನ್ 12ರ ರಾತ್ರಿ ಇಡೀ ಅಲ್ಫಾಮಾ ಬೀದಿಯಲ್ಲಿರುತ್ತದೆ. ಮೂಲೆಮೂಲೆಯಲ್ಲಿ ಸಣ್ಣ ಕುಂಡಗಳಲ್ಲಿ ಮಾಂಜೆರಿಕು ಎಂಬ ಗಿಡ ಮಾರುತ್ತಾರೆ. ನಮ್ಮ ಕಾಮಕಸ್ತೂರಿಯ ಜಾತಿಯದು, ಪುಟ್ಟ ಎಲೆ, ಚೆಂಡಿನ ಹಾಗೆ ದುಂಡಗೆ. ಒಂದು ಕಾಗದದ ಹೂವು, ನಾಲ್ಕು ಸಾಲಿನ ಪ್ರೇಮಪದ್ಯದ ಚೀಟಿ ಸಿಕ್ಕಿಸಿರುತ್ತಾರೆ. ಗಿಡವನ್ನು ವಿಮಾನದಲ್ಲಿ ತರಲಾಗದು, ಆ ಚೀಟಿಯನ್ನು ತನ್ನಿ. ಗಿಡಕ್ಕೆ ಮೂಗು ಹಚ್ಚಿ ಮೂಸಿದರೆ ಅದು ಬಾಡುತ್ತದೆ ಎಂದು ಅಲ್ಲಿನವರ ನಂಬಿಕೆ. ಅಂಗೈಯನ್ನು ಎಲೆಗಳ ಮೇಲೆ ಮೆಲ್ಲಗೆ ಆಡಿಸಿ, ಆ ಅಂಗೈಯನ್ನು ಮೂಸಿ.