ಬಾಗಿಲ ತನಕ ಹೋದವರ ನಡಿಗೆ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಖಾಸಗಿಯವರ ಬಾಹ್ಯಾಕಾಶ ನಡಿಗೆ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ. ಓದಿದ ಮೇಲೆ ಮೊಮ್ಮಗಳ ಫೋನಿನಲ್ಲಿ ವಿಡಿಯೊ ನೋಡಿದೆ. ಆ ಮನುಷ್ಯ ನಡೆದದ್ದೆಲ್ಲಿ ಸ್ವಾಮಿ? ಅರ್ಧ ಮೈ ಹೊರಗೆ ಹಾಕಿ, ಕಂಬಿ ಹಿಡಿದು, ಕೈಕಾಲು ಆಡಿಸಿ ಒಳಗೆ ಹೋದ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡ ದಿನಾ ಇದಕ್ಕಿಂತ ಜಾಸ್ತಿ ಮಾಡುತ್ತಾನೆ. ಅವನ ಫೋಟೊ ಯಾವತ್ತಾದರೂ ಹಾಕಿದ್ದೀರಾ? ದುಡ್ಡಿದ್ದವನ ಶೋಕಿಗೆ ನಾಲ್ಕು ಪುಟ ಯಾಕೆ? ಅದರಿಂದ ನಮಗೇನು?" — ಶಿರಸಿ ಸೀಮೆಯ ಅಡಿಕೆ ಬೆಳೆಗಾರರೊಬ್ಬರು (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೊದಲು ತಪ್ಪೊಪ್ಪಿಗೆ. "ಶೂನ್ಯದಲ್ಲಿ ಸ್ವತಂತ್ರವಾಗಿ ತೇಲಿದರು" ಎಂಬ ಫೋಟೊದಡಿಯ ಸಾಲು ಲೇಖಕರದಲ್ಲ, ನನ್ನದು. ಪುಟ ಕಟ್ಟುವ ರಾತ್ರಿ ಬರೆದದ್ದು. ಅದು ತಪ್ಪು. ಅವರು ತೇಲಲಿಲ್ಲ. ನೀವು ಬರೆದಂತೆ ಕಂಬಿ ಹಿಡಿದೇ ಇದ್ದರು. ಹಗ್ಗವಿಲ್ಲದೆ ನಿಜವಾಗಿ ತೇಲಿದವರು ಅಮೆರಿಕದ ಗಗನಯಾತ್ರಿ ಬ್ರೂಸ್ ಮ್ಯಾಕ್‌ಕ್ಯಾಂಡ್ಲೆಸ್. 1984ರ ಫೆಬ್ರವರಿಯಲ್ಲಿ ಬೆನ್ನಿಗೆ ಅನಿಲ ಚಿಮ್ಮುವ ಯಂತ್ರ ಕಟ್ಟಿಕೊಂಡು ನೌಕೆಯಿಂದ ಸುಮಾರು 100 ಮೀಟರ್ ದೂರ ಹೋಗಿದ್ದರು. ನನ್ನ ತಲೆಯಲ್ಲಿ ಆ ಚಿತ್ರ ಇತ್ತು, ಅದು ಈ ಫೋಟೊದ ಕೆಳಗೆ ಬಂದು ಕೂತಿತು.

ಇನ್ನು "ನಡಿಗೆ" ಎಂಬ ಮಾತು. ಅದರಲ್ಲಿ ಮಾತ್ರ ನಾನು ಸೋಲುವುದಿಲ್ಲ. ಅಲ್ಲಿ ಯಾರೂ ನಡೆಯುವುದಿಲ್ಲ, ಸರಕಾರದವರೂ ನಡೆಯುವುದಿಲ್ಲ. ಬಾಹ್ಯಾಕಾಶ ನಿಲ್ದಾಣದ ಹೊರಗೆ ಆರೇಳು ತಾಸು ದುಡಿಯುವವರೂ ಕಂಬಿಯಿಂದ ಕಂಬಿಗೆ ಕೈ ಬದಲಿಸುತ್ತಲೇ ಸಾಗುತ್ತಾರೆ. ಕಾಲಿಗೆ ಅಲ್ಲಿ ಕೆಲಸ ಕಡಿಮೆ, ಕೈಗೇ ಜಾಸ್ತಿ. ಕೆಳಗಿಳಿದ ಮೇಲೆ ಅವರು ನೋವು ಅನ್ನುವುದೂ ಬೆರಳು, ಉಗುರುಗಳ ಬಗ್ಗೆಯೇ. ಕೊನೆಗೌಡನನ್ನು ನೀವು ಹೋಲಿಸಿದ್ದು ಸುಮ್ನೆ ಸಿಟ್ಟಿಗೆ ಇರಬಹುದು, ಆದರೆ ಹೋಲಿಕೆ ಸರಿಯಾಗಿಯೇ ಇದೆ.

ಅವತ್ತು 2024ರ ಸೆಪ್ಟೆಂಬರ್ 12, ಚೌತಿಯ ವಾರ. ಕಾರವಾರದ ನಮ್ಮ ಕಚೇರಿಯಲ್ಲಿ ಅರ್ಧ ಜನ ರಜೆ. ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕು ದಾಟಿತ್ತು. ಪೋಲಾರಿಸ್ ಡಾನ್ ಎಂಬ ಖಾಸಗಿ ಯಾನದ ನಾಲ್ವರು ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್ ನೌಕೆಯೊಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟರು. ನಮ್ಮ ಲೇಖನದಲ್ಲಿ ಇದಕ್ಕೆ ಒಂದೇ ಸಾಲು ಸಿಕ್ಕಿತ್ತು. ನನಗೆ ಇಡೀ ಯಾನದಲ್ಲಿ ಮುಖ್ಯ ಅನಿಸುವುದು ಇದೇ.

ನಿಲ್ದಾಣದಲ್ಲಿ ಹೊರಗೆ ಹೋಗಲು ಒಂದು ನಡುಕೋಣೆ ಇದೆ. ಒಳಬಾಗಿಲು ಮುಚ್ಚಿ, ಆ ಕೋಣೆಯ ಗಾಳಿ ಮಾತ್ರ ತೆಗೆದು, ಹೊರಬಾಗಿಲು ತೆರೆಯುತ್ತಾರೆ. ಒಳಗಿದ್ದವರು ಟೀ ಶರ್ಟಿನಲ್ಲೇ ಇರಬಹುದು. ಡ್ರ್ಯಾಗನ್‌ನಲ್ಲಿ ಅಂಥ ಕೋಣೆ ಇಲ್ಲ. ಜಗುಲಿಯೇ ಇಲ್ಲದ ಮನೆ. ಬಾಗಿಲು ತೆರೆದರೆ ಸೀದಾ ಅಂಗಳ. ಹಾಗಾಗಿ ಹೊರಗೆ ಹೋದವರು ಇಬ್ಬರಾದರೂ, ನಿರ್ವಾತದಲ್ಲಿ ಕುಳಿತವರು ನಾಲ್ವರು. ಯಾನಕ್ಕೆ ದುಡ್ಡು ಹಾಕಿದ ಜೇರೆಡ್ ಐಸಾಕ್‌ಮನ್ ಮತ್ತು ಸಾರಾ ಗಿಲ್ಲಿಸ್ ಒಬ್ಬರಾದ ಮೇಲೆ ಒಬ್ಬರು ಹೊರಗೆ ಬಂದರು. ಸ್ಕಾಟ್ ಪೊಟೀಟ್ ಮತ್ತು ಅನ್ನಾ ಮೆನನ್ ಒಳಗೆ ಕೂತು ಅವರ ಹಗ್ಗ ನೋಡಿಕೊಂಡರು. ಹಗ್ಗ ಅಂದರೆ ಸುಮಾರು ಮೂರೂವರೆ ಮೀಟರಿನ ಕೊಳವೆ. ಉಸಿರಾಡುವ ಆಮ್ಲಜನಕ, ವಿದ್ಯುತ್ತು, ಮಾತು ಎಲ್ಲ ಅದರಲ್ಲೇ. ಬೆನ್ನಿಗೆ ಸಿಲಿಂಡರ್ ಇರಲಿಲ್ಲ. ಮರದ ಮೇಲಿನವನಷ್ಟೇ ಕೆಳಗೆ ಹಗ್ಗ ಹಿಡಿದವನೂ ಮುಖ್ಯ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹೊರಗಿದ್ದದ್ದು ಒಬ್ಬೊಬ್ಬರು ಹತ್ತು ನಿಮಿಷದ ಆಸುಪಾಸು. ಸೂಟಿಗೆ ಆಮ್ಲಜನಕ ಬಿಟ್ಟಲ್ಲಿಂದ ನೌಕೆಗೆ ಮತ್ತೆ ಗಾಳಿ ತುಂಬುವ ತನಕ 1 ಗಂಟೆ 46 ನಿಮಿಷ. ಆದರೆ ತಯಾರಿ ಶುರುವಾದದ್ದು ಎರಡು ದಿನ ಮೊದಲು, ಮೇಲೆ ಹೋದ ಕೂಡಲೇ. ನೌಕೆಯೊಳಗಿನ ಒತ್ತಡವನ್ನು ಮೆಲ್ಲಗೆ ಇಳಿಸುತ್ತ, ಆಮ್ಲಜನಕದ ಪಾಲು ಏರಿಸುತ್ತ ಹೋದರು. ಯಾಕೆ? ಗೋಲಿ ಸೋಡಾ ನೆನಪು ಮಾಡಿಕೊಳ್ಳಿ. ಗೋಲಿ ಒತ್ತಿದ ಕೂಡಲೇ ಗುಳ್ಳೆ ಏಳುತ್ತದೆ ಅಲ್ವಾ? ನಮ್ಮ ರಕ್ತದಲ್ಲಿ ಕರಗಿದ ಸಾರಜನಕವೂ ಹಾಗೇ. ಹೊರಗಿನ ಒತ್ತಡ ಒಮ್ಮೆಲೇ ಇಳಿದರೆ ಗುಳ್ಳೆಯಾಗಿ ಗಂಟಿನಲ್ಲಿ, ನರದಲ್ಲಿ ಕೂರುತ್ತದೆ. ಸೂಟಿನೊಳಗಿನ ಒತ್ತಡ ನೆಲದ ಮೇಲಿನ ಗಾಳಿಯ ಮೂರನೇ ಒಂದು ಭಾಗ ಮಾತ್ರ. ಅದಕ್ಕೇ ಸಾರಜನಕವನ್ನು ಮೊದಲೇ ಉಸಿರಿನಲ್ಲಿ ಹೊರಗೆ ಹಾಕಬೇಕು. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡುವವರನ್ನು ಕೇಳಿ. "ಅವಸರ ಮಾಡಿ ಮೇಲೆ ಬರಬೇಡಿ" ಎಂಬ ಪಾಠ ಅವರಿಗೂ ಮೊದಲ ದಿನವೇ ಆಗಿರುತ್ತದೆ. ಕಾರಣ ಇದೇ ಗುಳ್ಳೆ.

ಹೊರಗೆ ಬಂದವರು ಕೈಕಾಲು ಆಡಿಸಿದ್ದು ಕ್ಯಾಮೆರಾಕ್ಕಲ್ಲ. ಸೂಟಿನ ಭುಜ, ಮೊಣಕೈ, ಮಣಿಕಟ್ಟು ಎಷ್ಟು ಬಾಗುತ್ತವೆ ಎಂದು ನೋಡಲು. ಇದಕ್ಕೆ ಹಳೆಯ ಕತೆ ಇದೆ. 1965ರ ಮಾರ್ಚ್ 18ರಂದು ಸೋವಿಯತ್ ಒಕ್ಕೂಟದ ಅಲೆಕ್ಸಿ ಲಿಯೊನೊವ್ ಮೊತ್ತಮೊದಲ ಬಾರಿ ನೌಕೆಯಿಂದ ಹೊರಬಂದರು. 12 ನಿಮಿಷ ಇದ್ದರು. ಒಳಗೆ ಬರಲು ಹೋದರೆ ಸೂಟು ಬಲೂನಿನಂತೆ ಉಬ್ಬಿ ಬಿಗಿದಿತ್ತು. ಕೊನೆಗೆ ತಾವೇ ಸೂಟಿನ ಗಾಳಿ ಸ್ವಲ್ಪ ಬಿಟ್ಟು, ಹೇಗೋ ತೂರಿಕೊಂಡರು. ಉಬ್ಬಿದ ಸೂಟಿನೊಳಗೆ ಬೆರಳು ಮಡಚುವುದೇ ಒಂದು ಕೂಲಿ. ಅರವತ್ತು ವರ್ಷವಾದರೂ ಆ ಜಗಳ ಮುಗಿದಿಲ್ಲ.

ನಾಸಾ ನಿಲ್ದಾಣದಲ್ಲಿ ಇವತ್ತಿಗೂ ಬಳಸುವ ಸೂಟುಗಳ ಮೂಲ ವಿನ್ಯಾಸ ನಾಸಾದ ಹಳೆಯ ಶಟಲ್ ನೌಕೆಗಳ ಕಾಲದ್ದು, ನಲವತ್ತು ವರ್ಷ ದಾಟಿದ್ದು. 2013ರಲ್ಲಿ ಇಟಲಿಯ ಲೂಕಾ ಪರ್ಮಿಟಾನೊ ಹೊರಗಿದ್ದಾಗ ಹೆಲ್ಮೆಟಿನೊಳಗೆ ನೀರು ತುಂಬಿ, ಮೂಗಿನ ತನಕ ಬಂದಿತ್ತು. ಭೂಮಿಯ ಮೇಲೆ ಎಲ್ಲೂ ಅಲ್ಲ, ನಿರ್ವಾತದಲ್ಲಿ ನಿಂತು ನೀರಲ್ಲಿ ಮುಳುಗುವ ಸ್ಥಿತಿ! 2024ರ ಜೂನಿನಲ್ಲೂ ಸೂಟಿನ ಕೊಳವೆಯಿಂದ ನೀರು ಸೋರಿ ಒಂದು ನಡಿಗೆ ನಿಂತುಹೋಯಿತು. ಹೊಸ ಸೂಟು ಬೇಕೇ ಬೇಕು. ಹಾಗಾಗಿ ಬಾಗಿಲಲ್ಲಿ ನಿಂತು ಮೊಣಕೈ ಮಡಚಿದ್ದನ್ನು ನಾನು ಶೋಕಿ ಅನ್ನಲಾರೆ.

ನಿಮ್ಮ ಸೀಮೆಯದೇ ಮಾತಿಗೆ ಬರುತ್ತೇನೆ. ಕಾರ್ಬನ್ ಫೈಬರ್ ದೋಟಿ (ಕೊನೆ ಕೊಯ್ಯುವ ಉದ್ದ ಕೋಲು) ಬರುವ ಮೊದಲು ಕೊನೆ ಕೊಯ್ಲು ಅಂದರೆ ಕೊನೆಗೌಡ ಸಿಕ್ಕ ದಿನವೇ. ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ದಾಟುವ ಎದೆಗಾರಿಕೆ ಎಲ್ಲರಿಗೆಲ್ಲಿದೆ? ಈಗ ನೆಲದ ಮೇಲೆ ನಿಂತೇ ಕೊಯ್ಯಬಹುದು, ಮದ್ದೂ ಹೊಡೆಯಬಹುದು. ಕತ್ತು ನೋಯುತ್ತದೆ, ಆ ಮಾತು ಬೇರೆ. ಆ ಕಾರ್ಬನ್ ಫೈಬರ್ ಕೂಡ ವಿಮಾನ, ರಾಕೆಟ್ಟುಗಳ ಜತೆ ಬೆಳೆದ ವಸ್ತು. ದುಬಾರಿ ಇದ್ದಾಗ ಅದನ್ನು ಯಾರೋ ಯಾವುದಕ್ಕೋ ಬಳಸಿ, ಮುರಿದು, ತಿದ್ದಿದ್ದರು. ಸೂಟೂ ಹಾಗೇ ಆಗಬಹುದು. ಆಳಿಗೆ ತಕ್ಕಂತೆ ಹೊಲಿದ ಒಂದೆರಡು ಸೂಟಿನಿಂದ ಚಂದ್ರನ ಮೇಲೆ ಊರು ಕಟ್ಟಲಾಗದು.

ದುಡ್ಡಿನ ಮಾತಿನಲ್ಲಿ ಮಾತ್ರ ನಾನು ನಿಮ್ಮ ಕಡೆಗೇ ಹತ್ತಿರ. ಐಸಾಕ್‌ಮನ್ ಹಣ ಪಾವತಿ ವ್ಯವಹಾರದ ಕಂಪನಿ ಕಟ್ಟಿ ಶ್ರೀಮಂತರಾದವರು. ಖರ್ಚನ್ನು ಅವರೂ ಸ್ಪೇಸ್‌ಎಕ್ಸ್ ಕಂಪನಿಯೂ ಹಂಚಿಕೊಂಡರು. ಯಾರದ್ದು ಎಷ್ಟು ಎಂದು ಹೇಳಲಿಲ್ಲ. ಅವರ ದುಡ್ಡು, ಕೇಳಲು ನಾನ್ಯಾರು? ಆದರೆ ಅದೇ ಮನುಷ್ಯ 2025ರ ಡಿಸೆಂಬರಿನಲ್ಲಿ ನಾಸಾದ ಮುಖ್ಯಸ್ಥರಾದರು. ಟಿಕೆಟ್ ಕೊಂಡ ಗಿರಾಕಿ ಈಗ ಅಂಗಡಿಗೆ ಗುತ್ತಿಗೆ ಕೊಡುವ ಕಡೆ ಕೂತಿದ್ದಾರೆ. ನಮ್ಮ ನಾಲ್ಕು ಪುಟದಲ್ಲಿ ಇದು ಬರಬೇಕಿತ್ತು.

ಇನ್ನೊಂದು ವಿಷಯವೂ ಬಿಟ್ಟುಹೋಗಿತ್ತು. ಖಾಸಗಿ ನೌಕೆಯಲ್ಲಿ ಹೋಗುವವರ ಸುರಕ್ಷತೆಗೆ ನಿಯಮ ಮಾಡದಂತೆ ಅಮೆರಿಕದ ಸಂಸತ್ತೇ ಅಲ್ಲಿನ ವಿಮಾನಯಾನ ಇಲಾಖೆಯ ಕೈ ಕಟ್ಟಿದೆ. ಉದ್ಯಮ ಎಳೆಯದು, ಕಲಿಯಲಿ ಎಂಬ ವಾದ. ಆ ಅವಧಿಯನ್ನು ಎಳೆದೆಳೆದು ಈಗ 2028ರ ಜನವರಿ 1ಕ್ಕೆ ತಂದು ನಿಲ್ಲಿಸಿದ್ದಾರೆ. ಅಲ್ಲಿಯ ತನಕ ಹೋಗುವವರು "ಅಪಾಯ ಗೊತ್ತಿದೆ" ಎಂದು ಬರೆದುಕೊಟ್ಟು ಹೋಗಬೇಕು. ಕೋಟ್ಯಧೀಶ ಸಹಿ ಹಾಕಿದರೆ ಅದು ಅವರ ಇಷ್ಟ. ಆದರೆ ಗಿಲ್ಲಿಸ್ ಮತ್ತು ಮೆನನ್ ಸ್ಪೇಸ್‌ಎಕ್ಸ್‌ನಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಎಂಜಿನಿಯರುಗಳು. ಗಿಲ್ಲಿಸ್ ಅಂತೂ ಗಗನಯಾತ್ರಿಗಳಿಗೆ ತರಬೇತಿ ಕೊಡುತ್ತಿದ್ದವರು. ಅವರು ಖುಷಿಯಿಂದಲೇ ಹೋದರು, ಅನುಮಾನವಿಲ್ಲ. ನಾಳೆ ಇದೇ ಕೆಲಸ ನೂರಾರು ಜನರ ನೌಕರಿಯಾದಾಗ, ಬಿದ್ದವರ ಮನೆಯವರು ಯಾರ ಬಾಗಿಲು ತಟ್ಟಬೇಕು? 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಖಾಸಗಿಯವರು ಅಲ್ಲಿ ಮಾಡುವ ಕೆಲಸಕ್ಕೆ ಜವಾಬು ಕೊಡಬೇಕಾದ್ದು ಅವರ ದೇಶ. ಅದು ದೇಶ ದೇಶಗಳ ನಡುವಿನ ಮಾತು. ದುಡಿಯುವವನ ಮಾತು ಅದರಲ್ಲಿಲ್ಲ. ನಮ್ಮ ತೋಟಗಳಲ್ಲೂ ಮರದಿಂದ ಬಿದ್ದವನಿಗೆ ವಿಮೆ ಇತ್ತೇ ಎಂದು ಕೇಳುವುದು ಬಿದ್ದ ಮೇಲೆಯೇ ತಾನೇ?

"ನಮಗೇನು?" ಎಂಬುದಕ್ಕೆ ಸಣ್ಣ ಉತ್ತರ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಹೋದದ್ದೂ ಖಾಸಗಿ ಯಾನದಲ್ಲೇ. ಆಕ್ಸಿಯಂ ಕಂಪನಿಯ ನಾಲ್ಕನೇ ಯಾನ, ಅದೇ ಡ್ರ್ಯಾಗನ್ ಜಾತಿಯ ನೌಕೆ. ಭಾರತ ಅದಕ್ಕೆ ಸುಮಾರು 550 ಕೋಟಿ ರೂಪಾಯಿ ಕೊಟ್ಟಿತು. ಅಂದರೆ ಈ ಅಂಗಡಿಯಲ್ಲಿ ನೀವೂ ನಾನೂ ಆಗಲೇ ಗಿರಾಕಿಗಳು. ಅವರು ನಿಲ್ದಾಣದಲ್ಲಿ ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯದ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ನಿಮ್ಮ ಶಿರಸಿಯ ಅರಣ್ಯ ಕಾಲೇಜು ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಬಸ್ಸಿನಲ್ಲಿ ಹೋಗುವಾಗ ಬೋರ್ಡು ನೋಡಿರುತ್ತೀರಿ. ಭೂಮಿಗೆ ಮರಳಿದ ಆ ಮೊಳಕೆಗಳ ಬಗ್ಗೆ ನಾವು ಒಂದು ಪ್ಯಾರಾವನ್ನೂ ಬರೆಯಲಿಲ್ಲ. ನೀವು ಬೈಯಬೇಕಾದದ್ದು ಇದಕ್ಕೆ.

ಕೊನೆಗೌಡನ ಫೋಟೊ: ಹಳೆಯ ಸಂಚಿಕೆಗಳನ್ನೆಲ್ಲ ತಿರುವಿ ನೋಡಿದೆ. ನಿಮ್ಮ ಮಾತು ನಿಜ. ಅಡಿಕೆಯ ದರ, ಅಡಿಕೆಯ ರೋಗ, ಅಡಿಕೆಯ ಸಿಪ್ಪೆ ಎಲ್ಲ ಇದೆ. ಅವನಿಲ್ಲ. ಈ ಸಲದ ಕೊಯ್ಲಿಗೆ ನಮ್ಮ ಛಾಯಾಗ್ರಾಹಕರನ್ನು ದೇವಿಮನೆ ಘಟ್ಟ ಹತ್ತಿಸುತ್ತೇನೆ. ಒಂದೇ ಷರತ್ತು. ಫೋಟೊಕ್ಕೆ ಒಪ್ಪಿಗೆಯನ್ನು ನೀವಲ್ಲ, ಮರ ಹತ್ತುವವನೇ ಕೊಡಬೇಕು. ಹಾಂ, ನಿಮ್ಮ ತೋಟದಲ್ಲಿ ಈಗ ಕೊಯ್ಯುವುದು ಗೌಡನೋ ದೋಟಿಯೋ ಎಂದು ನೀವು ಬರೆಯಲೇ ಇಲ್ಲವಲ್ಲ?