ಮನಸ್ಸು ಮೊದಲೋ ಸಮಾಜ ಮೊದಲೋ: ಮೀಡ್ ಓದುವಾಗಿನ ತೊಡಕು

ಅಮೆರಿಕದ ತತ್ವಜ್ಞಾನಿ ಜಾರ್ಜ್ ಹರ್ಬರ್ಟ್ ಮೀಡ್ ಅವರನ್ನು ಓದುವಾಗ ತೊಡಕಾಗುತ್ತಿದೆ ಎಂದು ಕೇಳಿದ್ದೀರಿ. ಮನಸ್ಸು ಮೊದಲೇ ಇರುವುದಿಲ್ಲ, ಜನ ಒಬ್ಬರಿಗೊಬ್ಬರು ಮಾಡುವ ಸನ್ನೆ, ಆಡುವ ಮಾತುಗಳಿಂದ ಹುಟ್ಟುತ್ತದೆ ಅನ್ನುತ್ತಾರೆ ಅವರು. ನೀವು ಅರ್ಥ ಅನ್ನುವುದು ತಲೆಯೊಳಗೇ ಇರುತ್ತದೆ ಎಂದುಕೊಂಡು ಓದುತ್ತಿದ್ದೀರಿ, ತೊಡಕು ಅಲ್ಲೇ ಇರಬೇಕು. ಅದಕ್ಕೇ 'ಮನಸ್ಸಿಲ್ಲದೆ ಸನ್ನೆಗೆ ಅರ್ಥವೆಲ್ಲಿಂದ, ಮತ್ತೆ ಮನಸ್ಸು ಸಮಾಜದಿಂದ ಹುಟ್ಟುವುದು ಹೇಗೆ' ಎಂಬ ನಿಮ್ಮ ಪ್ರಶ್ನೆ ಸುತ್ತಿಕೊಂಡೇ ಬರುತ್ತದೆ.

ಮೊದಲು ಇನ್ನೊಬ್ಬ ತತ್ವಜ್ಞಾನಿ ಜಾನ್ ಡ್ಯೂಯಿ 1896ರಲ್ಲಿ 'ರಿಫ್ಲೆಕ್ಸ್ ಆರ್ಕ್' (ಪ್ರಚೋದನೆ ಬಂದೊಡನೆ ಪ್ರತಿಕ್ರಿಯೆ ಎಂಬ ಕಲ್ಪನೆ) ಬಗ್ಗೆ ಬರೆದ ಲೇಖನ ಓದಿ. ಮಗು ಮೇಣದಬತ್ತಿಗೆ ಕೈ ಚಾಚಿ ಸುಟ್ಟುಕೊಳ್ಳುವ ಉದಾಹರಣೆ ಅಲ್ಲಿದೆ. ನೋಡುವುದೂ ಒಂದು ಕ್ರಿಯೆಯೇ ಅನ್ನುತ್ತಾರೆ ಡ್ಯೂಯಿ. ಸುಟ್ಟ ಮೇಲೆ ಅದೇ ಬೆಳಕು ಬೇರೆ ಥರ ಕಾಣುತ್ತದೆ. ಅಂದರೆ ಅದರ ಅರ್ಥ ಬಂದದ್ದು ಕ್ರಿಯೆಯಿಂದ.

ಆಮೇಲೆ ಜಾರ್ಜ್ ಹರ್ಬರ್ಟ್ ಮೀಡ್ ಹೇಳುವ ನಾಯಿ ಜಗಳಕ್ಕೆ ಬನ್ನಿ. ಒಂದು ನಾಯಿ ಮೈ ಸೆಟೆಸಿ ಗುರ್ ಅನ್ನುತ್ತದೆ, ಇನ್ನೊಂದು ಹಿಂದೆ ಸರಿಯುತ್ತದೆ, ಅದನ್ನು ನೋಡಿ ಮೊದಲನೆಯದೂ ನಿಲುವು ಬದಲಿಸುತ್ತದೆ. ಯಾವುದೂ ಯೋಚಿಸಿ ಮಾಡುತ್ತಿಲ್ಲ. ಆದರೂ ಅರ್ಥ ಆಗಲೇ ಇದೆ, ಒಂದರ ಚಲನೆಗೆ ಇನ್ನೊಂದು ಕೊಟ್ಟ ಉತ್ತರದಲ್ಲಿ. ನಿಮ್ಮ ಗಂಟು ಬಿಚ್ಚುವುದು ಇಲ್ಲೇ, ಈ ಭಾಗ ಎರಡು ಸಲ ಓದಿ.

ಮೂರನೆಯದು ದನಿ. ನಮ್ಮ ಮುಖ ನಮಗೆ ಕಾಣುವುದಿಲ್ಲ, ನಮ್ಮ ಮಾತು ಮಾತ್ರ ಎದುರಿನವರಿಗೆ ಕೇಳಿದಂತೆ ನಮಗೂ ಕೇಳುತ್ತದೆ. ಹಾಗಾಗಿ ಅವರ ಉತ್ತರ ನಮ್ಮೊಳಗೂ ಏಳುತ್ತದೆ. ಯೋಚನೆ ಶುರುವಾಗುವುದು ಅಲ್ಲಿಂದ ಎಂಬುದು ಮೀಡ್ ವಾದ. ದನಿಯೊಂದಕ್ಕೇ ಇಷ್ಟು ಭಾರ ಹೊರಿಸಬಹುದಾ ಎಂಬುದು ನನಗೆ ಖಾತ್ರಿಯಿಲ್ಲ. ಸನ್ನೆ ಭಾಷೆಯಲ್ಲೇ ಬೆಳೆದ ಕಿವುಡ ಮಕ್ಕಳೂ ಚೆನ್ನಾಗಿಯೇ ಯೋಚಿಸುತ್ತಾರೆ, ಅಲ್ವಾ?

ನೀವು ಓದುತ್ತಿರುವ 'ಮೈಂಡ್, ಸೆಲ್ಫ್ ಅಂಡ್ ಸೊಸೈಟಿ' ಮೀಡ್ ಕೈಯಾರೆ ಬರೆದ ಪುಸ್ತಕವಲ್ಲ. 1931ರಲ್ಲಿ ಅವರು ತೀರಿಕೊಂಡರು. ಮುಖ್ಯವಾಗಿ ತರಗತಿಯ ಟಿಪ್ಪಣಿಗಳಿಂದ ಅದನ್ನು ಚಾರ್ಲ್ಸ್ ಮಾರಿಸ್ 1934ರಲ್ಲಿ ಹೊರತಂದರು. ಒಂದೊಂದು ವಾಕ್ಯಕ್ಕೂ ಜೋತುಬೀಳಬೇಡಿ. ಅದರಲ್ಲಿ ಮಕ್ಕಳ ಆಟದ ಬಗ್ಗೆ ಬರುವ ಭಾಗವನ್ನು ಇದಾದ ಮೇಲೆ ಓದಿದರೆ ಸಾಕು.