ಕನ್ನಡ ಬರೆಯೋಕೆ ಬರುತ್ತೆ ಅಂದಿರಲ್ಲ, ಅದೇ ಬೇಕಾಗಿರುವುದು

ಓದಿದ್ದು ಪಿಯುಸಿ, ಇಂಗ್ಲಿಷ್ ಅಷ್ಟಕ್ಕಷ್ಟೇ, ಕೊಡೋಕೆ ದುಡ್ಡಿಲ್ಲ, ಕನ್ನಡ ಚೆನ್ನಾಗಿ ಬರೆಯುತ್ತೇನೆ, ಬೆಂಗಳೂರಿನಲ್ಲಿ ಯಾವುದಾದರೂ ಸೇವಾ ಸಂಸ್ಥೆಗೆ ಉಪಯೋಗಕ್ಕೆ ಬರ್ತೀನಾ ಅಂತ ಕೇಳಿದ್ದೀರಿ. ಖಂಡಿತ ಬರ್ತೀರಿ. ನಾನೂ ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದವಳು. ಕಣ್ಣು ಕಾಣದ ವಿದ್ಯಾರ್ಥಿಗಳು ಹೇಳಿದ್ದನ್ನು ಕೇಳಿ ಅವರ ಪರೀಕ್ಷೆ ಬರೆದುಕೊಡುತ್ತೇನೆ, ಸ್ಕ್ರೈಬ್ ಅಂತಾರಲ್ಲ, ಅದು.

ಈ ಊರಲ್ಲಿ ಸಹಾಯಕ್ಕೆ ಬರುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಕನ್ನಡವನ್ನು ತಪ್ಪಿಲ್ಲದೆ ಬೇಗ ಬೇಗ ಬರೆಯುವವರು ಸಿಗೋದು ಕಷ್ಟ, ಹಾಗಾಗಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದುವ ಮಕ್ಕಳು ಪರೀಕ್ಷೆ ಹತ್ತಿರ ಬಂದಾಗ ಒದ್ದಾಡುತ್ತಾರೆ. ಅಲ್ಲದೆ 2018ರ ಕೇಂದ್ರದ ಮಾರ್ಗಸೂಚಿಯಲ್ಲಿ ವಿದ್ಯಾರ್ಥಿಯೇ ಕರೆತಂದ ಸ್ಕ್ರೈಬ್‌ನ ಓದು ವಿದ್ಯಾರ್ಥಿಯದಕ್ಕಿಂತ ಒಂದು ಹಂತ ಕಡಿಮೆ ಇರಬೇಕು ಅಂತಿತ್ತು. ನಿಮ್ಮ ಪಿಯುಸಿ ಅಲ್ಲಿ ಅನುಕೂಲವೇ.

ಕೆಲಸ ಮಾತ್ರ ಸುಮ್ನೆ ಕೂತು ಬರೆಯೋದಲ್ಲ. ಒಂದು ಸಲ ಇತಿಹಾಸ ಪತ್ರಿಕೆ. ಮೈಸೂರು ರಾಜ್ಯ ಕರ್ನಾಟಕ ಆದದ್ದು 1956ರಲ್ಲಿ ಅಂದಳು ಹುಡುಗಿ. 1973 ಅಂತ ನನಗೆ ಗೊತ್ತು. ಪೆನ್ನು ನಿಂತುಬಿಟ್ಟಿತು. ಆದರೂ ಅವಳು ಹೇಳಿದ್ದನ್ನೇ ಬರೆದೆ, ಉತ್ತರ ಅವಳದು ಅಲ್ವಾ. ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ ಜಾಸ್ತಿ ಕೊಡುತ್ತಾರೆ. ಕೊನೆಗೆ ಬರೆದದ್ದನ್ನೆಲ್ಲ ಓದಿ ಹೇಳುತ್ತಾ ಆ ಸಾಲಿಗೆ ಬಂದೆ, ದನಿ ಏರಿಸದೆ ಇಳಿಸದೆ ಓದಿದೆ. "ಅಕ್ಕಾ, ಒಂದು ನಿಮಿಷ. ಐವತ್ತಾರು ಏಕೀಕರಣ. ಇದು ಎಪ್ಪತ್ಮೂರು, ತಿದ್ದಿ" ಅಂದಳು. ಅವಳಿಗಿಂತ ನನಗೇ ಜೀವ ಬಂದಂತಾಯಿತು.

ಒಪ್ಪಿಕೊಂಡ ಮೇಲೆ ದಯವಿಟ್ಟು ಕೈಕೊಡಬೇಡಿ. ಪರೀಕ್ಷೆ ದಿನ ಬೆಳಿಗ್ಗೆ ಫೋನ್ ಮಾಡಿ ಬರೋಕಾಗಲ್ಲ ಅಂದರೆ ಅವರು ಯಾರನ್ನು ಹುಡುಕಬೇಕು? ಪರೀಕ್ಷೆಗಳು ಹೆಚ್ಚಾಗಿ ವಾರದ ದಿನಗಳಲ್ಲೇ ಇರುತ್ತವೆ, ನಾನು ರಜೆ ಹಾಕಿ ಹೋಗುತ್ತೇನೆ. ರಜೆ ಸಿಗಲ್ಲ ಅಂದರೆ ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುವ ಕೆಲಸ ಕೇಳಿ ನೋಡಿ. ಎಚ್‌ಎಸ್‌ಆರ್ ಲೇಔಟ್‌ನ ಮಿತ್ರ ಜ್ಯೋತಿ ಅನ್ನುವ ಸೇವಾ ಸಂಸ್ಥೆಯಲ್ಲಿ ಕೇಳುವ ಪುಸ್ತಕಗಳ ಲೈಬ್ರರಿಯೇ ಇದೆ. ಸಮರ್ಥನಂ ಸಂಸ್ಥೆ ಕೂಡ ಅದೇ ಕಡೆ, ಅಲ್ಲೂ ವಿಚಾರಿಸಿ.

ಮೊದಲ ಪರೀಕ್ಷೆಗೆ ಅರ್ಧ ಗಂಟೆ ಮುಂಚೆ ಹೋಗಿ ವಿದ್ಯಾರ್ಥಿ ಜೊತೆ ಮಾತಾಡಿ. ಬೀದರ್ ಕಡೆಯವರ ಮಾತಿಗೂ ಮಂಡ್ಯದವರ ಮಾತಿಗೂ ತುಂಬಾ ವ್ಯತ್ಯಾಸ, ಕಿವಿ ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು.